ಸೀಬೆ ಗಿಡ ಸೊರಗ್ತಿದೆ, ಬೇರುಗಂಟು ನೆಮಟೋಡ್ ಅಂತ ಗುರುತಿಸೋದು ಹೇಗೆ?

ಪ್ರಶ್ನೆ:
ಮೂರು ವರ್ಷದ ಸೀಬೆ ತೋಟ, ಎರಡು ತಿಂಗ್ಳಿಂದ ಒಂದೇ ಸಾಲಲ್ಲಿ ಗಿಡಗಳು ಸೊರಗ್ತಾ ಇವೆ, ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಆಮೇಲೆ ಹಳದಿಯಾಗಿ ಉದುರುತ್ತೆ, ಕಾಯಿ ನಿಂಬೆಹಣ್ಣಿನ ಗಾತ್ರಕ್ಕೇ ನಿಂತ್ಬಿಟ್ಟಿದೆ. ನೆಲ ಹಸಿ ಇದ್ರೂ ಮಧ್ಯಾಹ್ನ ಬಾಡುತ್ತೆ. ಜಿಂಕ್ ಕಡಿಮೆ ಇರ್ಬೇಕು ಅಂತ ಎರಡು ಸಲ ಸ್ಪ್ರೇ ಕೊಟ್ಟೆ, ಪ್ರಯೋಜನ ಆಗ್ಲಿಲ್ಲ. ಪೂರ್ತಿ ಒಣಗಿದ್ದ ಒಂದು ಗಿಡ ಕಿತ್ತು ನೋಡಿದ್ರೆ ಬೇರೆಲ್ಲಾ ಕಪ್ಪಗೆ ಕೊಳೆತಿತ್ತು, ಗಂಟೇನೂ ಕಾಣ್ಲಿಲ್ಲ. ಇದು ಸೊರಗು ರೋಗನಾ ಇಲ್ಲಾ ನೆಮಟೋಡ್ ಅನ್ನೋ ಬೇರಿನ ಸಣ್ಣ ಹುಳುನಾ?

ಉತ್ತರ 1:
ಸತ್ತ ಗಿಡದಲ್ಲಿ ಹುಡುಕ್ಬೇಡಿ, ಈ ಹುಳು ಇರೋದು ಜೀವ ಇರೋ ಬೇರಲ್ಲಿ. ಈಗ ತಾನೆ ಬಾಡೋಕೆ ಶುರುವಾಗಿರೋ ಗಿಡ ಆರಿಸ್ಕೊಂಡು ಡ್ರಿಪ್ಪರ್ ಹತ್ರ ಒಂದು ಗೇಣು ಆಳ ಅಗೆದು ದಾರದಂಥ ಸಣ್ಣ ಬೇರನ್ನ ಮಣ್ಣಿನ ಹೆಂಟೆ ಸಮೇತ ಎತ್ತಿ, ಎಳೆದ್ರೆ ನೋಡ್ಬೇಕಾದ ಬೇರೇ ಹರಿದು ಮಣ್ಣಲ್ಲಿ ಉಳ್ಕೊಳ್ಳುತ್ತೆ. ಬಕೆಟ್ ನೀರಲ್ಲಿ ಮೆಲ್ಲಗೆ ಅಲ್ಲಾಡಿಸಿ ತೊಳೀರಿ. ನೆಮಟೋಡ್ ಆಗಿದ್ರೆ ಮಣಿ ಪೋಣಿಸಿದ ಹಾಗೆ ಗಂಟು ಇರುತ್ತೆ, ಉಗುರಲ್ಲಿ ಕೆರೆದ್ರೂ ಬರಲ್ಲ, ಯಾಕಂದ್ರೆ ಊದ್ಕೊಂಡಿರೋದು ಬೇರೇ. ಒಂದು ಗಂಟನ್ನ ಬ್ಲೇಡಲ್ಲಿ ಸೀಳಿ ಲೆನ್ಸ್ ಹಿಡಿದು ನೋಡಿ, ಮುತ್ತಿನ ಥರ ಹೊಳೆಯೋ ಬಿಳಿ ಚುಕ್ಕಿ ಕಂಡ್ರೆ ಅದೇ ಹೆಣ್ಣು ಹುಳು, ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಪಕ್ಕದಲ್ಲಿ ಅಂಟಂಟಾದ ಸಣ್ಣ ಮುದ್ದೆ ಇದ್ರೆ ಅದು ಮೊಟ್ಟೆ, ಒಂದೊಂದರಲ್ಲೂ ನೂರಾರು.

ಉತ್ತರ 2:
ಎರಡೂ ಒಟ್ಟಿಗೇ ಇರ್ಬಹುದು. ಹುಳು ಮಾಡಿದ ಗಾಯದಿಂದ ಫ್ಯುಸೇರಿಯಂ ಶಿಲೀಂಧ್ರ ಒಳಗೆ ಹೋಗಿ ಬೇರು ಕೊಳೆಯುತ್ತೆ, ನೀವು ಕಿತ್ತ ಗಿಡದ ಕಥೆ ಅದೇ ಇರ್ಬೇಕು. ಸೀಬೆಗೆ ಜಾಸ್ತಿ ಹಾನಿ ಮಾಡೋದು ಮೆಲೊಯ್ಡೊಗೈನಿ ಎಂಟರೊಲೋಬಿ ಅನ್ನೋ ಜಾತಿ, ಅದೇನಾ ಅಂತ ಕಣ್ಣಲ್ಲಿ ಹೇಳೋಕಾಗಲ್ಲ, ಲ್ಯಾಬೇ ಬೇಕು. ಐದಾರು ಗಿಡದ ಬುಡದಿಂದ ಮಣ್ಣು, ಸಣ್ಣ ಬೇರು ಎರಡೂ ಪಾಲಿಥಿನ್ ಕವರಲ್ಲಿ ಕಟ್ಟಿ, ಬಿಸಿಲಿಗೆ ಮಾತ್ರ ಇಡ್ಬೇಡಿ, ಹುಳು ಸತ್ರೆ ರಿಪೋರ್ಟಲ್ಲಿ ಏನೂ ಬರಲ್ಲ. ಅಲ್ಲೀವರೆಗೂ ಸಾಲಿನ ಮಧ್ಯೆ ಟೊಮೆಟೊ, ಬದನೆ ಹಾಕ್ಬೇಡಿ, ನೆಮಟೋಡ್ ತಡೆಯುತ್ತೆ ಅಂತ ಬರೋ ಟೊಮೆಟೊ ತಳಿಗೂ ಈ ಜಾತಿ ಹತ್ತುತ್ತೆ.

ಉತ್ತರ 3:
ಒಂದೇ ಸಾಲಲ್ಲಿ ಅಂದ್ರಲ್ಲ, ಆ ಸಾಲಿನ ಸಸಿ ಬೇರೆ ಕಡೆಯಿಂದ ತಂದಿದ್ರಾ? ನಂಗೆ ಬಂದಿದ್ದೇ ನರ್ಸರಿ ಸಸಿ ಜೊತೆ, ಕವರ್ ಹರಿದು ಬೇರು ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು, ನೂರು ಗಿಡ ಹೋಯ್ತು, ಇವತ್ತಿಗೂ ಸಂಕಟ ಆಗುತ್ತೆ. ಆ ಸಾಲಲ್ಲಿ ಆಡಿಸಿದ ಗುದ್ದಲಿ ತೊಳೀದೆ ಬೇರೆ ಸಾಲಿಗೆ ಒಯ್ಯಬೇಡಿ. ಉಳಿದ ಗಿಡಕ್ಕೆ ಬೇವಿನ ಹಿಂಡಿ, ನೆಮಟೋಡ್ ಮೊಟ್ಟೆ ತಿನ್ನೋ ಪೆಸಿಲೋಮೈಸಿಸ್ ಅನ್ನೋ ಶಿಲೀಂಧ್ರ ಕೊಡ್ತಾ ಬಂದೆ, ಹುಳು ಪೂರ್ತಿ ಹೋಗಿಲ್ಲ, ಆದ್ರೆ ಹೊಸ ಬೇರು ಬಂದಿದೆ.

ಪ್ರಶ್ನೆ ಕೇಳಿದವರು:
ಈಗ ಅಗೆದು ತೊಳೆದೆ. ಬಿಳಿ ಚುಕ್ಕಿ ಇದೆ. ಪಕ್ಕದ ಸಾಲಿನ ಹಸಿರಾಗಿರೋ ಒಂದು ಗಿಡದಲ್ಲೂ ಎರಡು ಗಂಟು ಸಿಕ್ತು. ನಾಳೆ ಬೆಳಿಗ್ಗೆನೇ ಸ್ಯಾಂಪಲ್ ಕೊಟ್ಟು ಬರ್ತೀನಿ.