ಆರ್ಬಿಟ್ರೇಷನ್ ಮೂಟ್: ಇಬ್ಬರೂ ಸೇರಿ ಫೈಲ್ ಹೇಗೆ ಕಟ್ಟಬೇಕು, ವಾದ ಹೇಗೆ ಹಂಚಿಕೊಳ್ಳಬೇಕು?

ಬಳ್ಳಾರಿ_ಎಲ್‌ಎಲ್‌ಬಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಆರ್ಬಿಟ್ರೇಷನ್ ಮೂಟ್, ಅಂದರೆ ಕಾನೂನು ವಿದ್ಯಾರ್ಥಿಗಳ ಅಣಕು ಮಧ್ಯಸ್ಥಿಕೆ ವಿಚಾರಣೆ. ಸಮಸ್ಯೆ ಇದು: ಸಂಡೂರಿನ ಗಣಿಯವರು ಕೊಪ್ಪಳದ ಸ್ಪಾಂಜ್ ಐರನ್ ಕಾರ್ಖಾನೆಗೆ 10,000 ಟನ್ ಅದಿರು ಕೊಟ್ಟಿದ್ದಾರೆ. ಒಪ್ಪಂದದಲ್ಲಿ ಕಬ್ಬಿಣಾಂಶ ಶೇ 62, ಕಾರ್ಖಾನೆಯ ಲ್ಯಾಬ್ ವರದಿಯಲ್ಲಿ ಶೇ 58. ಆರ್ಬಿಟ್ರೇಷನ್‌ಗೆ ಮುಂಚೆ 30 ದಿನ ಮಾತುಕತೆ ಆಗಬೇಕೆಂಬ ಷರತ್ತಿದೆ, ಆಗಿಲ್ಲ. ಸರಕು ಮುಟ್ಟಿದ 21ನೇ ದಿನ ಕಾರ್ಖಾನೆಯಿಂದ ಒಂದು ಇಮೇಲ್ ಬಂದಿದೆ. ಅಷ್ಟರಲ್ಲಿ 6,000 ಟನ್ ಕುಲುಮೆಗೆ, ಅಂದರೆ ಕಿಲ್ನ್‌ಗೆ ಹೋಗಿದೆ. ನಾವು ಗಣಿಯವರ ಪರ, ಅಂದರೆ ಪ್ರತಿವಾದಿಗಳು. ಮಧ್ಯಸ್ಥರ ಮಂಡಳಿಗೆ ಈ ಕೇಸು ಕೇಳುವ ಅಧಿಕಾರವಿಲ್ಲ ಅನ್ನುವ ವಾದ ನನ್ನದು, ಗುಣಮಟ್ಟದ ವಾದ ಜೊತೆಗಾರ್ತಿಯದು. ತಂಡಕ್ಕೆ 30 ನಿಮಿಷ. ಇಬ್ಬರೂ ಬೇರೆ ಬೇರೆ ತಯಾರಾಗುತ್ತಿದ್ದೇವೆ. ಇದು ಸರಿನಾ? ಫೈಲ್‌ನಲ್ಲಿ ಏನೇನಿರಬೇಕು?

ರಾಯಚೂರು_ವಕೀಲ

ಬೇರೆ ಬೇರೆ ತಯಾರಾಗುವುದನ್ನು ಇವತ್ತೇ ನಿಲ್ಲಿಸಿ ತಮ್ಮಾ. ನಿಮ್ಮ ಸಮಸ್ಯೆಯಲ್ಲಿ ಆ ಇಮೇಲೇ ಗುಂಡಿ. ಮಾತುಕತೆಗೆ ಕರೆಯೇ ಬಂದಿಲ್ಲ ಎಂದು ತೋರಿಸಬೇಕಾದ ಅವಸರದಲ್ಲಿ ನೀನು "ಆ ಇಮೇಲ್ ದೂರೇ ಅಲ್ಲ, ಬರೀ ವಿಚಾರಣೆ" ಅಂದುಬಿಡುತ್ತೀಯ. ಹತ್ತು ನಿಮಿಷದ ಮೇಲೆ ನಿನ್ನ ಜೊತೆಗಾರ್ತಿ ಎದ್ದು "ಅವರು ದೂರು ಕೊಟ್ಟದ್ದೇ 21ನೇ ದಿನ, ತಡವಾಯಿತು" ಅನ್ನುತ್ತಾಳೆ. ಒಂದೇ ಕಾಗದಕ್ಕೆ ಎರಡು ಅರ್ಥ. ಅಧ್ಯಕ್ಷರು "ನಿಮ್ಮ ಸಹೋದ್ಯೋಗಿ ಈಗ ಹೇಳಿದ್ದು ಬೇರೆಯಲ್ಲವೇ?" ಅಂದರೆ ಇಬ್ಬರ ವಾದವೂ ಒಟ್ಟಿಗೆ ಬೀಳುತ್ತದೆ.

ಇಬ್ಬರೂ ಕೂತು ಒಂದೇ ಓದು ನಿರ್ಧರಿಸಿ: ಇಮೇಲ್ ಗುಣಮಟ್ಟದ ದೂರು ಹೌದು, ಮಾತುಕತೆಯ ಆಹ್ವಾನ ಅಲ್ಲ. ಇದು ಇಬ್ಬರಿಗೂ ಸಾಕು. ನೀನು ಷರತ್ತು ಪಾಲನೆ ಆಗಿಲ್ಲ ಅನ್ನಬಹುದು. ಅವಳು 1930ರ ಸರಕು ಮಾರಾಟ ಕಾಯ್ದೆಯ 42ನೇ ಕಲಮಿಗೆ ಹೋಗಬಹುದು. ಮಾರಿದವನ ಒಡೆತನಕ್ಕೆ ಒಪ್ಪದ ಕೆಲಸವನ್ನು ಕೊಂಡವನು ಸರಕಿನ ಮೇಲೆ ಮಾಡಿದರೆ ಸ್ವೀಕರಿಸಿದಂತೆ, ಅದಿರು ಕಿಲ್ನ್‌ಗೆ ಸುರಿದದ್ದು ಅದಕ್ಕೆ ಒಳ್ಳೆಯ ಉದಾಹರಣೆ. ಸ್ವೀಕರಿಸಿದ ಮೇಲೆ ಅದೇ ಕಾಯ್ದೆಯ 13(2)ರ ಪ್ರಕಾರ ತಿರಸ್ಕರಿಸುವ ಹಕ್ಕು ಹೋಗಿ, 59ರ ಅಡಿಯ ಪರಿಹಾರ ಮಾತ್ರ ಉಳಿಯುತ್ತದೆ. ಉಳಿದ 4,000 ಟನ್ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಈಗಲೇ ಬರೆದಿಡಿ.

ನಿನ್ನ ಭಾಗಕ್ಕೆ 1996ರ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಕಾಯ್ದೆಯ 16ನೇ ಕಲಮು ಬಾಯಿಪಾಠ ಇರಲಿ. ಅಧಿಕಾರದ ಆಕ್ಷೇಪವನ್ನು ಪ್ರತಿವಾದ ಪತ್ರ ಸಲ್ಲಿಸುವುದರೊಳಗೆ ಎತ್ತಬೇಕು. ಮಧ್ಯಸ್ಥರ ನೇಮಕದಲ್ಲಿ ಭಾಗವಹಿಸಿದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. "ಇದು ಅಧಿಕಾರದ ಪ್ರಶ್ನೆಯೋ, ಕೇಸು ಈಗ ಎತ್ತಿಕೊಳ್ಳಬಹುದೋ ಎಂಬ ಪ್ರಶ್ನೆಯೋ?" ಎಂದು ಮಂಡಳಿ ಕೇಳುತ್ತದೆ. ಅದಕ್ಕೇ ಪರ್ಯಾಯ ಕೋರಿಕೆ ಇಟ್ಟುಕೊ: ವಜಾ ಮಾಡದಿದ್ದರೆ 30 ದಿನ ಮುಂದೂಡಿ ಮಾತುಕತೆಗೆ ಕಳಿಸಿ.

ಕೊಪ್ಪಳದ_ಕೋಚ್

ಫೈಲ್ ಬಗ್ಗೆ ನಾ ಹೇಳ್ತೀನಿ ನೋಡ್ರಿ. ಮೊದಲ ಕೆಲಸ ಪುಟ ಸಂಖ್ಯೆ. ಮೂಟ್ ಸಮಸ್ಯೆ, ಒಪ್ಪಂದ, ಇಮೇಲ್, ಲ್ಯಾಬ್ ವರದಿ, ತೀರ್ಪುಗಳು, ಎಲ್ಲಕ್ಕೂ ಒಂದೇ ಸರಣಿ, ಕೆಳಗೆ ಬಲಕ್ಕೆ. ಮಂಡಳಿಗೆ ಮೂರು ಸೆಟ್, ಎದುರಾಳಿಗೆ ಒಂದು, ನಿಮಗೆ ಎರಡು, ಒಟ್ಟು ಆರು. ಆರೂ ಒಂದೇ ಮೂಲ ಪ್ರತಿಯಿಂದ ಜೆರಾಕ್ಸ್ ಆಗಬೇಕು. ಕೊನೇ ರಾತ್ರಿ ಒಂದು ತೀರ್ಪು ನಡುವೆ ತುರುಕಿದ್ರೆ ನೀವು ಪುಟ 31 ಅಂದಾಗ ಅಧ್ಯಕ್ಷರ ಪುಟ 29 ತೆರೆದಿರ್ತೈತಿ, ಒಂದು ನಿಮಿಷ ಅಲ್ಲೇ ಹೋತು. ತಡವಾಗಿ ಬಂದದ್ದು ಕೊನೆಗೇ ಸೇರ್ಲಿ.

ತೀರ್ಪು ಪೂರ್ತಿ ಹಾಕಬ್ಯಾಡ್ರಿ. ಮೊದಲ ಪುಟ, ನೀವು ಓದುವ ಪ್ಯಾರಾ ಇರುವ ಪುಟ, ಅದರ ಹಿಂದಿಂದು ಮುಂದಿಂದು. ಒಂದು ಮಾತಿಗೆ ಒಂದು ತೀರ್ಪು ಸಾಕು. ಸ್ಪೈರಲ್ ಬೈಂಡಿಂಗ್ ಮಾಡಿಸ್ರಿ, ಟೇಬಲ್ ಮ್ಯಾಲೆ ಚಪ್ಪಟೆ ಕೂಡತೈತಿ. ಟ್ಯಾಗ್ ಹಾಕಿದ ಫೈಲ್ ಕೈ ಬಿಟ್ರೆ ತಾನೇ ಮುಚ್ಚಿಕೊಳ್ತೈತಿ. ಫ್ಲಾಗ್ (ಪುಟಕ್ಕೆ ಅಂಟಿಸೋ ಗುರುತಿನ ಚೀಟಿ) ಮೂರೇ ಬಣ್ಣ: ಘಟನೆಗೆ ಹಳದಿ, ಒಪ್ಪಂದಕ್ಕೆ ಹಸಿರು, ತೀರ್ಪಿಗೆ ಗುಲಾಬಿ. ಇಬ್ಬರ ಫೈಲ್‌ನಾಗೂ ಅದೇ ಬಣ್ಣ ಅದೇ ಜಾಗ, ಯಾಕಂದ್ರ ನಿಂತವರ ಫೈಲ್‌ನಾಗ ಕೂತವರು ಪುಟ ತೆಗೆದುಕೊಡಬೇಕಾಗ್ತೈತಿ.

ಮುಖ್ಯವಾದ್ದು ದಿನಾಂಕದ ಪಟ್ಟಿ. ಒಂದೇ ಹಾಳೆ, ಪ್ರತಿ ಸಾಲಿಗೂ ಪುಟ ಸಂಖ್ಯೆ. ಕಾನೂನಿನ ಪ್ರಶ್ನೆಗೆ ತಡವರಿಸಿದ್ರೂ ಮಂಡಳಿ ಸಹಿಸ್ತೈತಿ, ಇಮೇಲ್ ಯಾವ ದಿನ ಬಂತು ಅನ್ನೋದಕ್ಕೆ ತಡವರಿಸಿದ್ರೆ ಸಹಿಸಂಗಿಲ್ಲ.

ಬಳ್ಳಾರಿ_ಎಲ್‌ಎಲ್‌ಬಿ

ತುಂಬಾ ಧನ್ಯವಾದ ಸರ್. ನನ್ನ ಸರದಿಯಲ್ಲಿ ಗುಣಮಟ್ಟದ ಪ್ರಶ್ನೆ ಕೇಳಿದರೆ? ಜೊತೆಗಾರ್ತಿ ಹೇಳುತ್ತಾಳೆ ಅಂದರೆ ಸಾಕಾ?

ರಾಯಚೂರು_ವಕೀಲ

ಸಾಲದು. ಎರಡು ವಾಕ್ಯದ ಉತ್ತರ ಕೊಟ್ಟು, ಆಮೇಲೆ "ವಿವರವನ್ನು ನನ್ನ ಸಹೋದ್ಯೋಗಿ ಮಂಡಿಸುತ್ತಾರೆ" ಅನ್ನು. ಅದಕ್ಕಾಗಿ ವಾರದಲ್ಲಿ ಎರಡು ದಿನ ಭಾಗ ಅದಲು ಬದಲು ಮಾಡಿ ಅಭ್ಯಾಸ ಮಾಡಿ. ನೀನು ಗುಣಮಟ್ಟ ವಾದಿಸು, ಅವಳು ಅಧಿಕಾರ.

ನೀನು ಮಾತಾಡುವಾಗ ಅವಳ ಕೈ ಸುಮ್ಮನಿರಬಾರದು. ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಮಂಡಳಿಯ ಪ್ರಶ್ನೆ, ಬಲಕ್ಕೆ ನೀನು ಕೊಟ್ಟ ಉತ್ತರ. ನೀನು ಏನನ್ನಾದರೂ ಒಪ್ಪಿಕೊಂಡರೆ ಅದರ ಸುತ್ತ ವೃತ್ತ. ಎದ್ದಾಗ ಅವಳ ಮೊದಲ ಕಣ್ಣು ಆ ವೃತ್ತಗಳ ಮೇಲೆ ಹೋಗಬೇಕು, ಒಪ್ಪಿದ್ದನ್ನು ಅವಳು ಅಲ್ಲಗಳೆಯುವಂತಿಲ್ಲ. ಚೀಟಿ ಕೊಡಬೇಕಾದರೆ ದಪ್ಪ ಅಕ್ಷರದಲ್ಲಿ "ಪುಟ 14, ಪ್ಯಾರಾ 3", ಅಷ್ಟೇ. ಪಿಸುಗುಟ್ಟುವುದು, ಕೋಟು ಎಳೆಯುವುದು ಬೇಡ.

ಸಮಯ: 15 ನಿಮಿಷಕ್ಕೆ 8 ನಿಮಿಷದ ಮಾತು ಮಾತ್ರ ಬರೆದುಕೊಳ್ಳಿ, ಉಳಿದದ್ದು ಪ್ರಶ್ನೆಗೆ. ಪ್ರತ್ಯುತ್ತರಕ್ಕೆ 2 ನಿಮಿಷ ಉಳಿಸಿಕೊಳ್ಳಲು ಬಿಟ್ಟರೆ ಆರಂಭದಲ್ಲೇ ಕೇಳಿ. ಮೂರು ನಿಮಿಷದ ಚಿಕ್ಕ ಆವೃತ್ತಿಯೂ ಇರಲಿ. ನೀನು ಅವಳ ಸಮಯ ತಿಂದರೆ ಅವಳಿಗೆ ಅದೇ ಗತಿ. ಅವಳು ಶುರು ಮಾಡುವುದು "ಮಂಡಳಿಗೆ ಅಧಿಕಾರವಿದೆ ಎಂದೇ ಆದರೂ" ಎಂದು. ಆ ಮಾತು ಬಿಟ್ಟರೆ ನಿನ್ನ ಆಕ್ಷೇಪ ಕೈಬಿಟ್ಟಂತೆ ಕೇಳುತ್ತದೆ. ಇನ್ನೊಂದು, ಇದು ಕೋರ್ಟ್ ಅಲ್ಲ. "ಮೈ ಲಾರ್ಡ್" ಬೇಡ, "ಮಿಸ್ಟರ್ ಚೇರ್ಮನ್" ಅಥವಾ "ಮೇಡಂ ಚೇರ್" ಸಾಕು.