ಸಹಾಯ ಬೇಕು: ದಾವಣಗೆರೆ ಕಡೆ ಥೆರೆಮಿನ್ ಇರುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಥೆರೆಮಿನ್ ಮುಟ್ಟದೆಯೇ ನುಡಿಸುವ ವಾದ್ಯ. ರಷ್ಯಾದ ಲಿಯೋನ್ ಥೆರೆಮಿನ್ 1920ರ ಸುಮಾರಿಗೆ ಮಾಡಿದ್ದು. ನೆಟ್ಟಗಿರುವ ಆಂಟೆನಾ ಹತ್ತಿರ ಕೈ ತಂದರೆ ಶ್ರುತಿ ಏರುತ್ತದೆ. ಬಳೆಯಂಥ ಇನ್ನೊಂದರ ಹತ್ತಿರ ತಂದರೆ ದನಿ ತಗ್ಗುತ್ತದೆ. ಹಿಡಿಯಲು ತಂತಿ ಇಲ್ಲ, ವೀಣೆಯಲ್ಲಿರುವಂಥ ಸ್ವರದ ಮನೆ ಇಲ್ಲ, ಕಿವಿಯೇ ಎಲ್ಲ. ಪಿಟೀಲು ಬಿಟ್ಟು ಇದಕ್ಕೆ ಬಂದ ಕ್ಲಾರಾ ರಾಕ್‌ಮೋರ್ ನುಡಿಸಿದ್ದನ್ನು ಒಮ್ಮೆ ಕೇಳಿ, ಯಾರೋ ಹಾಡಿದಂತೆಯೇ ಇದೆ! ಈಗಿನವರಲ್ಲಿ ಲಿಡಿಯಾ ಕವಿನಾ, ಕ್ಯಾರೊಲಿನಾ ಐಕ್ ನನಗೆ ತುಂಬಾ ಇಷ್ಟ.

ಆದರೆ ಮೊಬೈಲಿನಲ್ಲಿ ಕೇಳಿದ್ದು ಸಾಕಾಗಿದೆ, ಎದುರಿಗೆ ಕೂತು ಕೇಳಬೇಕು. ದಾವಣಗೆರೆ, ಹರಿಹರ, ಚಿತ್ರದುರ್ಗದಲ್ಲಿ ಯಾರ ಹತ್ತಿರವಾದರೂ ಈ ವಾದ್ಯ ಇದೆಯಾ? ಇಲ್ಲಾಂದ್ರೆ ಕಿಟ್ ತರಿಸಿದರೆ ಜೋಡಿಸಿ ಕೊಡುವ ಎಲೆಕ್ಟ್ರಾನಿಕ್ಸ್ ಬಲ್ಲವರು ಗೊತ್ತಾ? ಗಮಕ (ಸ್ವರವನ್ನು ಜಾರಿಸಿ ಆಡಿಸುವುದು) ಬಲ್ಲ ಪಿಟೀಲಿನವರು ಜೊತೆಗೆ ಬಂದರೆ ಇನ್ನೂ ಖುಷಿ. ದಯವಿಟ್ಟು ಇಲ್ಲೇ ತಿಳಿಸಿ.