60 ಲೀಟರ್ ಉಪ್ಪುನೀರಿನ ಮೀನಿನ ಟ್ಯಾಂಕ್: ಫಾಸ್ಫೇಟ್ ಇಳೀತಾನೇ ಇಲ್ಲ, ಸಕ್ಕರೆ ಹಾಕಬಹುದಾ?

ನಿಟುವಳ್ಳಿ ಉಪ್ಪುನೀರು: ತಲೆ ಕೆಟ್ಟುಹೋಗಿದೆ. ವಾರಕ್ಕೊಮ್ಮೆ ನೀರು ಬದಲಿಸುತ್ತೇನೆ, ಆದರೂ ಕೂದಲುಪಾಚಿ ನಿಲ್ಲುತ್ತಿಲ್ಲ. ಹಲ್ಲುಜ್ಜೋ ಬ್ರಶ್ಶಲ್ಲಿ ಕಲ್ಲು ತಿಕ್ಕಿದರೆ ಎರಡೇ ದಿನಕ್ಕೆ ಮತ್ತೆ ಹಸಿರು. ಪಾಚಿಗೆ ಗೊಬ್ಬರವಾಗೋ ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಫಾಸ್ಫೇಟ್ 0.5. ನೊರೆ ಎಬ್ಬಿಸಿ ಕೊಳೆ ತೆಗೆಯೋ ಸ್ಕಿಮ್ಮರ್ ತಗೋ, ಫಾಸ್ಫೇಟ್ ಹೀರೋ ಹರಳು ತುಂಬೋ ರಿಯಾಕ್ಟರ್ ತಗೋ ಅಂತ ಮಾತ್ರ ಹೇಳಬೇಡಿ, ಅಷ್ಟು ದುಡ್ಡು ಈಗಿಲ್ಲ. ಸಕ್ಕರೆ ಹಾಕಿದರೆ ಇಳಿಯುತ್ತೆ ಅಂತ ಓದಿದೆ. ಎಷ್ಟು ಚಮಚ?

ದುರ್ಗದ ಮೀನು: ಸಕ್ಕರೆ ಆಮೇಲೆ. ನೀರು ಯಾವುದು, ಟಿಡಿಎಸ್ (ಕರಗಿದ ಲವಣಾಂಶ) ಎಷ್ಟು? ನಮ್ಮ ಚಿತ್ರದುರ್ಗದ ಬೋರ್ ನೀರು ಗೊತ್ತಲ್ಲ, ಗಡಸು, ಫ್ಲೋರೈಡ್ ಬೇರೆ. ತೊಂದರೆ ನೀರಲ್ಲೇ ಇದೆ, ಬರೆದಿಟ್ಟುಕೊಳ್ಳಿ.

ನಿಟುವಳ್ಳಿ ಉಪ್ಪುನೀರು: ಬೋರ್ ನೀರಲ್ಲ ಸರ್. ಓಣಿಯ ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನ್. ಆರ್‌ಓ ನೀರೇ.

ದುರ್ಗದ ಮೀನು: ಅಲ್ಲೇ ಇರೋದು! ರುಚಿಗೆ ಅಂತ ಕೆಲವು ಕಡೆ ಸ್ವಲ್ಪ ಶುದ್ಧ ಮಾಡದ ನೀರು ಬೆರೆಸುತ್ತಾರೆ. ಮೀಟರ್ ಇಟ್ಟು ನೋಡಿ.

ಹೊಳೆದಂಡೆ ಹರಿಹರ: ಅಣ್ಣ, ಫಾಸ್ಫೇಟ್ 0.5 ಪಿಪಿಎಂ ಇದ್ದರೆ ಟಿಡಿಎಸ್ ಮೀಟರಲ್ಲಿ ಗೊತ್ತೂ ಆಗಲ್ಲ. ಮೀಟರ್ 60 ತೋರಿಸಿದರೆ ಅದರಲ್ಲಿ ಏನಿದೆ ಅಂತ ಅದು ಹೇಳುತ್ತಾ? ಹೊಸದಾಗಿ ಕಲಸಿದ ಉಪ್ಪುನೀರಿಗೇ ಫಾಸ್ಫೇಟ್ ಕಿಟ್ ಹಾಕಲಿ, ಆಯ್ತಲ್ಲ.

ದುರ್ಗದ ಮೀನು: ಗಡಸು ನೀರಿನಿಂದ ಪಾಚಿ ಬರಲ್ಲ ಅಂತೀರಾ ಹಂಗಾದ್ರೆ?

ಹೊಳೆದಂಡೆ ಹರಿಹರ: ಹಾಗಂದಿಲ್ಲ. ಕೇಳಿದ್ದು ಫಾಸ್ಫೇಟ್ ಬಗ್ಗೆ. ನಿಟುವಳ್ಳಿಯವರೇ, ಫಿಲ್ಟರ್ ಯಾವುದು, ಏನು ತಿನ್ನಿಸುತ್ತೀರಿ, ಕಲ್ಲು ಎಲ್ಲಿಂದ ಬಂತು? ಅದು ಯಾವುದೂ ಬರೆದಿಲ್ಲ. ಸಕ್ಕರೆ ಚಮಚಗಟ್ಟಲೆ ಹಾಕಿಬಿಟ್ಟೀರಿ, ಜೋಕೆ. ಸಕ್ಕರೆ ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತೆ, ಬೆಳೆಯುವಾಗ ನೈಟ್ರೇಟು ಫಾಸ್ಫೇಟು ಎಳೆದುಕೊಳ್ಳುತ್ತೆ, ನಿಜ. ಆದರೆ ಅದನ್ನ ನೀರಿಂದ ಹೊರಗೆ ತೆಗೆಯೋದು ಸ್ಕಿಮ್ಮರ್. ಅದಿಲ್ಲದಿದ್ದರೆ ಸತ್ತು ಅಲ್ಲೇ ಕರಗುತ್ತೆ, ನೀರು ಹಾಲಿನಂತಾಗುತ್ತೆ. ಆಮ್ಲಜನಕವನ್ನೂ ಕುಡಿದುಬಿಡುತ್ತೆ. ದಾವಣಗೆರೆ ಬೇಸಿಗೆ, ಬಿಸಿ ನೀರಲ್ಲಿ ಆಮ್ಲಜನಕ ಮೊದಲೇ ಕಡಿಮೆ, ರಾತ್ರಿ ಕರೆಂಟ್ ಹೋದರೆ ಮೀನು ಉಳಿಯಲ್ಲ.

ಪಿಜೆ ಬಡಾವಣೆ ರೀಫ್: ಸಕ್ಕರೆಗಿಂತ ವಿನಿಗರ್ ಒಳ್ಳೇದು, ಅಳತೆ ಸುಲಭ. 100 ಲೀಟರಿಗೆ ದಿನಕ್ಕೆ 0.8 ಮಿಲಿಯಿಂದ ಶುರು ಮಾಡಿ. ನನ್ನದು 400 ಲೀಟರ್, ಕೆಳಗೆ ಸಂಪ್ ಅಂದರೆ ಫಿಲ್ಟರ್ ತೊಟ್ಟಿ, ಸಂಪಲ್ಲಿ ಕೀಟೋ ಪಾಚಿ ಫುಟ್‌ಬಾಲ್ ಗಾತ್ರ ಬೆಳೆದಿದೆ. ರಿಟರ್ನ್ ಪಂಪ್ ಎರಡು, ಚಿಲ್ಲರ್ ಇದೆ, ಇನ್ವರ್ಟರ್ ಬೇರೆ ಹಾಕಿಸಿದ್ದೇನೆ. ಫೋಟೋ ಹಾಕಲಾ?

ಹೊಳೆದಂಡೆ ಹರಿಹರ: ಸ್ಕಿಮ್ಮರ್ ಇಲ್ಲದವರಿಗೆ ವಿನಿಗರೂ ಅದೇ ಕತೆ ಸರ್. ಕೀಟೋ ಮಾತ್ರ ಸರಿ. ಟ್ಯಾಂಕಿನ ಹಿಂಬದಿಗೆ ಡಬ್ಬಿ ನೇತುಹಾಕಿ, ಮನೆಯ ಎಲ್‌ಇಡಿ ಬಲ್ಬ್ ಸಾಕು. ರಾತ್ರಿ ಹೊತ್ತು ಬೆಳಕು ಕೊಟ್ಟರೆ ಪಿಎಚ್ ಕೂಡ ಜಾಸ್ತಿ ಬೀಳಲ್ಲ. ಬೆಳೆದದ್ದನ್ನ ಕಿತ್ತು ಎಸೆಯುತ್ತಾ ಇರಬೇಕು, ಪೋಷಕಾಂಶ ಹೊರಗೆ ಹೋಗೋದು ಆಗಲೇ.

ಭೀಮಸಮುದ್ರ ತೋಟ: ಆವಿಯಾದ ನೀರಿಗೆ ಸುಣ್ಣದ ತಿಳಿ ಹಾಕಿದರೆ ಫಾಸ್ಫೇಟ್ ಸ್ವಲ್ಪ ತಳ ಸೇರುತ್ತೆ. ಎಲೆ ಅಡಿಕೆ ಸುಣ್ಣ ಮನೆಯಲ್ಲೇ ಇರುತ್ತಲ್ಲ.

ಹೊಳೆದಂಡೆ ಹರಿಹರ: ದಯವಿಟ್ಟು ಬೇಡ. ತಿನ್ನೋ ಸುಣ್ಣದಲ್ಲಿ ಏನೇನು ಬೆರೆಸಿರುತ್ತಾರೋ. ಸುಣ್ಣದ ತಿಳಿಯ ಪಿಎಚ್ 12 ದಾಟುತ್ತೆ, 60 ಲೀಟರಿಗೆ ಒಮ್ಮೆಲೇ ಸುರಿದರೆ ಮೀನು ಸುಟ್ಟುಹೋಗುತ್ತೆ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆದರೂ ಹನಿ ಹನಿಯಾಗೇ ಬಿಡಬೇಕು.

ನಿಟುವಳ್ಳಿ ಉಪ್ಪುನೀರು: ಕ್ಯಾನಿಸ್ಟರ್ ಫಿಲ್ಟರ್, ಒಳಗೆ ಸ್ಪಂಜು. ಕ್ಲೌನ್ ಮೀನಿನ ಜೋಡಿ, ಒಂದು ಸೀಗಡಿ. ದಿನಕ್ಕೆ ಎರಡು ಸಲ ಮೀನಿನ ಕಾಳು (ಪೆಲೆಟ್), ಮಧ್ಯೆ ಫ್ರೋಜನ್ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ). ಕಲ್ಲು ಟ್ಯಾಂಕ್ ಇಡೋದನ್ನೇ ಬಿಟ್ಟ ಗೆಳೆಯನದು, ಹಳೇದು.

ದುರ್ಗದ ಮೀನು: ಹವಳದ ಕಲ್ಲಾ? 2001ರಿಂದ ವನ್ಯಜೀವಿ ಕಾಯ್ದೆಯಡಿ ಹವಳಕ್ಕೆ ರಕ್ಷಣೆ ಇದೆ, ಕೊಳ್ಳೋದು ಮಾರೋದು ಎರಡೂ ತಪ್ಪು.

ಪಿಜೆ ಬಡಾವಣೆ ರೀಫ್: ಸಿಮೆಂಟಲ್ಲಿ ಮಾಡಿದ ಕಲ್ಲೂ ಸಿಗುತ್ತೆ. ಕೇಳೋ ಮೊದಲೇ ಕಳ್ಳನ ಥರ ನೋಡಬೇಡಿ.

ನಿಟುವಳ್ಳಿ ಉಪ್ಪುನೀರು: ಸಿಮೆಂಟ್ ಕಲ್ಲೇ. ಮುಂದೆ ಹೇಳಿ.

ಹೊಳೆದಂಡೆ ಹರಿಹರ: ಹಳೇ ಕಲ್ಲು ಅಂದ ಕೂಡಲೇ ಅನುಮಾನ ಬಂತು. ಶೇ 20 ನೀರು ಬದಲಿಸಿದರೆ ನೈಟ್ರೇಟ್ 40ರಿಂದ 32ಕ್ಕೆ, ಫಾಸ್ಫೇಟ್ 0.5ರಿಂದ 0.4ಕ್ಕೆ ಇಳಿಯಬೇಕು. ನೈಟ್ರೇಟ್ ಇಳಿದು, ಫಾಸ್ಫೇಟ್ ಮಾತ್ರ ಮಾರನೇ ದಿನ ಮತ್ತೆ 0.5 ಆದರೆ ಕಲ್ಲಿನಿಂದ ಬಿಡ್ತಾ ಇದೆ ಅಂತ ಅರ್ಥ. ಸಿಮೆಂಟಿನಂಥ ಸುಣ್ಣದಂಶದ ಕಲ್ಲು ಫಾಸ್ಫೇಟ್ ಹಿಡಿದಿಟ್ಟುಕೊಳ್ಳುತ್ತೆ, ನೀರಲ್ಲಿ ಕಡಿಮೆಯಾದಾಗ ಬಿಡುತ್ತೆ. ಒಂದು ಕಲ್ಲಿನ ಪಾಚಿ ತಿಕ್ಕಿ ತೆಗೆದು ಹೊಸ ಉಪ್ಪುನೀರಿನ ಬಕೆಟಲ್ಲಿಡಿ. ಗಾಳಿಗುಳ್ಳೆ ಬಿಡೋ ಏರ್ ಸ್ಟೋನ್ ಹಾಕಿ, ಬಕೆಟ್ ಮುಚ್ಚಿ, ಊಟ ಹಾಕಬೇಡಿ. ಕಲ್ಲು ಇಡೋ ಮೊದಲೊಮ್ಮೆ, ಮೂರು ದಿನ ಬಿಟ್ಟೊಮ್ಮೆ ಕಿಟ್ ಹಾಕಿ. ನೈಟ್ರೇಟಿಗೆ ಸ್ಪಂಜನ್ನ ವಾರಕ್ಕೊಮ್ಮೆ ನೀರು ಬದಲಿಸುವಾಗ ಹೊರತೆಗೆದ ಹಳೇ ನೀರಲ್ಲೇ ಹಿಂಡಿ, ಮೈಸಿಸ್ ಕರಗಿಸಿ ಜರಡಿಯಲ್ಲಿ ತೊಳೆದು ಹಾಕಿ, ಕಾಳು ಒಂದು ಹೊತ್ತು ಸಾಕು.

ನಿಟುವಳ್ಳಿ ಉಪ್ಪುನೀರು: ಬಕೆಟ್ ಮಾಡಿದೆ ಅಣ್ಣ. ಕಲ್ಲು ಇಡೋ ಮೊದಲು ಸೊನ್ನೆ, ಈಗ 0.25. ಬಣ್ಣ ನೀಲಿಗೆ ತಿರುಗಿದ್ದು ಕಣ್ಣಾರೆ ನೋಡಿದೆ.

ಹೊಳೆದಂಡೆ ಹರಿಹರ: ಸಿಕ್ಕಿತು! ಹೊಸ ನೀರಲ್ಲಿ ಸೊನ್ನೆ ಅಂದಮೇಲೆ ಕ್ಯಾನ್ ನೀರಿನ ಮಾತು ಮುಗಿಯಿತು. ಜಿಎಫ್‌ಓ (ಫಾಸ್ಫೇಟ್ ಹೀರೋ ಕಬ್ಬಿಣದ ಆಕ್ಸೈಡ್) ಹರಳು ಒಂದು ಹಿಡಿ ತೊಳೆದು ನೈಲಾನ್ ಕಾಲುಚೀಲದಲ್ಲಿ ಕಟ್ಟಿ ಅದೇ ಬಕೆಟಲ್ಲಿ ಏರ್ ಸ್ಟೋನ್ ಪಕ್ಕ ಬಿಡಿ, ರಿಯಾಕ್ಟರ್ ಬೇಕಿಲ್ಲ. ಒಂದು ಕಲ್ಲು ಮುಗಿದ ಮೇಲೆ ಇನ್ನೊಂದು. ಎಲ್ಲ ಒಟ್ಟಿಗೆ ತೆಗೆದರೆ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾವೂ ಹೋಗುತ್ತೆ. ಟ್ಯಾಂಕಲ್ಲಿ ಫಾಸ್ಫೇಟ್ ಪೂರ್ತಿ ಸೊನ್ನೆ ಮಾಡಬೇಡಿ, ಡೈನೋ (ಡೈನೋಫ್ಲಾಜೆಲೇಟ್ ಅನ್ನೋ ಸೂಕ್ಷ್ಮಜೀವಿ) ಲೋಳೆ ಬಂದರೆ ಕೂದಲುಪಾಚಿಗಿಂತ ಕಷ್ಟ. 0.05 ಹತ್ತಿರ ಇದ್ದರೆ ಒಳ್ಳೇದು.

ಹೊಸದುರ್ಗ ಸಾಗರ: ನನ್ನದೂ ಇದೇ ತೊಂದರೆ. ಆದರೆ ಕಲ್ಲಿಲ್ಲ, ಬರೀ ಮರಳು. ನಾನೂ ಜಿಎಫ್‌ಓ ಹಾಕಲಾ?

ಹೊಳೆದಂಡೆ ಹರಿಹರ: ಬೇರೆ ಚರ್ಚೆ ಶುರು ಮಾಡಿ ಅಣ್ಣ. ಎಷ್ಟು ಲೀಟರ್, ಯಾವ ಫಿಲ್ಟರ್, ಯಾವ ನೀರು, ಏನು ಊಟ, ಮರಳು ಎಲ್ಲಿಯದು, ಎಲ್ಲ ಮೊದಲೇ ಬರೆಯಿರಿ. ಮರಳನ್ನೂ ಹಾಗೇ ಬಕೆಟಿಗೆ ಹಾಕಿ ನೋಡಬಹುದು.